ಕರಿ ಕುರಿಯ ಒಂದು ವರ್ಷ: ಆರಿದ್ರಾ ಮಳೆಯಿಂದ ಬೇಸಿಗೆಯ ಕತ್ತರಿಯವರೆಗೆ

ಚಿತ್ರದುರ್ಗ, ಬಳ್ಳಾರಿ, ಹಾವೇರಿ ಸೀಮೆಯ ಕರಿ ಕುರಿಗೆ, ದಖನಿ ಎನ್ನಿ, ಬಳ್ಳಾರಿ ತಳಿ ಎನ್ನಿ, ವರ್ಷಕ್ಕೆ ಉಣ್ಣೆಗೆ ಎರಡು ಕತ್ತರಿ, ಒಂದು ಸೂಲು. ಈ ಮೂರರ ದಿನ ಒಂದರ ಮೇಲೊಂದು ಬೀಳದಂತೆ ನೋಡಿಕೊಂಡರೆ ಉಳಿದ ಕೆಲಸ ತಾನಾಗಿ ಸಾಲಿಗೆ ಬರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಟಗರು ವರ್ಷವಿಡೀ ಹಿಂಡಿನಲ್ಲಿ ಇರುತ್ತದೆ, ಮರಿ ಯಾವ ತಿಂಗಳಲ್ಲಿ ಬೇಕಾದರೂ ಬೀಳುತ್ತದೆ, ಉಣ್ಣೆ ಕತ್ತರಿಸುವವರು ಬಂದ ದಿನ ಅರ್ಧ ಹಿಂಡು ತುಂಬು ಗಬ್ಬದಲ್ಲಿರುತ್ತದೆ. ಇಲ್ಲಿರುವ ಲೆಕ್ಕ 25 ಹೆಣ್ಣು ಕುರಿ, ಒಂದು ಟಗರು ಇರುವ ಸಣ್ಣ ಹಿಂಡಿನದು.

ಟಗರು ಆರಿಸುವಾಗ ಒಂದು ಮಾತು. ಮಾಂಸದ ಬೆಲೆ ನೋಡಿ ನೆಲ್ಲೂರು ಅಥವಾ ಎಳಗ ಟಗರನ್ನು ತಂದು ಬಿಟ್ಟರೆ ಮರಿ ಬೇಗ ಎತ್ತರವಾಗುತ್ತದೆ, ನಿಜ. ಆದರೆ ಅವು ಕೂದಲಿನ ಕುರಿಗಳು. ಹುಟ್ಟಿದ ಮರಿಯ ಮೈಮೇಲೆ ಉಣ್ಣೆ ತೆಳುವಾಗುತ್ತದೆ, ಎರಡನೇ ಪೀಳಿಗೆಗೆ ಕತ್ತರಿ ಹಿಡಿಯುವಷ್ಟೂ ಉಳಿಯುವುದಿಲ್ಲ. ಉಣ್ಣೆ ಬೇಕೆನ್ನುವವರು ಮೈತುಂಬ ಕರಿ ಉಣ್ಣೆ ಇರುವ ಕರಿ ಟಗರನ್ನೇ ಹುಡುಕಿ. ಎರಡು ವರ್ಷಕ್ಕೊಮ್ಮೆ ಬೇರೆ ಊರಿನ ಹಿಂಡಿನ ಟಗರಿಗೆ ಬದಲಿಸಿ, ಇಲ್ಲದಿದ್ದರೆ ಟಗರು ತನ್ನ ಮಗಳನ್ನೇ ಹಾರುತ್ತದೆ.

ಮುಂಗಾರು: ಟಗರು ಬಿಡುವ ಲೆಕ್ಕ

ಕುರಿಯ ಗಬ್ಬ ಸುಮಾರು 150 ದಿನ. ಆರಿದ್ರಾ ಮಳೆ ಹುಟ್ಟುವ ಜೂನ್ 22ಕ್ಕೆ ಟಗರು ಬಿಟ್ಟರೆ ಮೊದಲ ಮರಿ ನವೆಂಬರ್ 19ರ ಆಸುಪಾಸಿಗೆ ಬೀಳುತ್ತದೆ. ಆ ಹೊತ್ತಿಗೆ ಹಿಂಗಾರಿನ ಮೇವು ಇನ್ನೂ ಇರುತ್ತದೆ, ಮಳೆ ನಿಂತಿರುತ್ತದೆ. ಬೆದೆ 17 ದಿನಕ್ಕೊಮ್ಮೆ ಬರುತ್ತದೆ. ಟಗರನ್ನು 51 ದಿನ, ಅಂದರೆ ಮೂರು ಬೆದೆಯವರೆಗೆ ಹಿಂಡಿನಲ್ಲಿಟ್ಟು ಆಮೇಲೆ ಕಡ್ಡಾಯವಾಗಿ ಬೇರೆ ಕಟ್ಟಿ.

ಯಾವ ಕುರಿ ಯಾವಾಗ ಗಬ್ಬ ಕಟ್ಟಿತೆಂದು ತಿಳಿಯಲು ಟಗರಿನ ಎದೆಗೆ ಬಣ್ಣ ಹಚ್ಚಿ. ಕರಿ ಮೈಮೇಲೆ ಕೆಮ್ಮಣ್ಣು ಕಾಣುವುದಿಲ್ಲ. ಸೀಮೆಸುಣ್ಣದ ಪುಡಿಯನ್ನು ಅಡುಗೆ ಎಣ್ಣೆಯಲ್ಲಿ ಕಲಸಿ ಎರಡು ದಿನಕ್ಕೊಮ್ಮೆ ಹಚ್ಚಿ, 17 ದಿನ ಕಳೆದ ಮೇಲೆ ಅದನ್ನೇ ಅರಿಸಿನ ಬೆರೆಸಿ ಹಳದಿ ಮಾಡಿ. ಬಿಳಿ ಗುರುತು ಬಿದ್ದ ಕುರಿಯ ಬೆನ್ನ ಹಿಂಭಾಗದಲ್ಲಿ ಮತ್ತೆ ಹಳದಿ ಬಿದ್ದರೆ ಅದು ಮೊದಲ ಸಲ ಗಬ್ಬ ನಿಂತಿಲ್ಲ. ಹಿಂಡಿನ ತುಂಬ ಹೀಗೇ ಆದರೆ ತೊಂದರೆ ಟಗರಿನಲ್ಲೇ ಇದೆ, ತಡಮಾಡದೆ ಬದಲಿಸಿ. ಗೋಡೆಯ ಪೇಂಟು, ಡಾಂಬರು ಬಳಿಯಬೇಡಿ, ಅವು ಉಣ್ಣೆಯಿಂದ ಯಾವ ತೊಳೆತಕ್ಕೂ ಹೋಗುವುದಿಲ್ಲ.

ಟಗರು ಬಿಡುವ ಮೂರು ವಾರ ಮೊದಲಿನಿಂದ ಹೆಣ್ಣು ಕುರಿಗಳಿಗೆ ನುಚ್ಚು ಮಾಡಿದ ಮೆಕ್ಕೆಜೋಳ ಅಥವಾ ಜೋಳ ಕೊಡಿ. ಮೊದಲ ದಿನ ತಲೆಗೆ 50 ಗ್ರಾಂ, ಹತ್ತು ದಿನದಲ್ಲಿ ನಿಧಾನವಾಗಿ 250 ಗ್ರಾಂಗೆ ಏರಿಸಿ. ಒಂದೇ ಸಲಕ್ಕೆ ಪೂರ್ತಿ ಕೊಟ್ಟರೆ ಹೊಟ್ಟೆಯಲ್ಲಿ ಹುಳಿ ಏರಿ, ಕುರಿ ಹಲ್ಲು ಕಡಿಯುತ್ತಾ ಮಲಗಿಬಿಡುತ್ತದೆ. ಖನಿಜ ಮಿಶ್ರಣ ಕುರಿಗೆಂದೇ ಮಾಡಿದ್ದಿರಲಿ. ದನದ ಮಿಶ್ರಣದಲ್ಲಿ ತಾಮ್ರ ಹೆಚ್ಚು, ಅದು ಕುರಿಯ ಯಕೃತ್ತಿನಲ್ಲಿ ಕೂಡುತ್ತಾ ಹೋಗಿ ಒಂದು ದಿನ ವಿಷವಾಗುತ್ತದೆ.

ಜಂತಿನ ಔಷಧಿ ರೋಹಿಣಿ ಮಳೆಯೊಳಗೆ, ಟಗರು ಬಿಡುವ ಮುಂಚೆಯೇ ಆಗಲಿ. ಆಲ್ಬೆಂಡಜೋಲ್ ಅನ್ನು ಗಬ್ಬದ ಮೊದಲ ತಿಂಗಳು ಕೊಡುವಂತಿಲ್ಲ, ಮರಿ ಅಂಗವಿಕಲವಾಗಬಹುದು. ಪ್ರಮಾಣ ಕೆ.ಜಿ. ತೂಕಕ್ಕೆ 7.5 ಮಿ.ಗ್ರಾಂ. 30 ಕೆ.ಜಿ. ಕುರಿಗೆ 225 ಮಿ.ಗ್ರಾಂ, ಶೇ. 2.5ರ ದ್ರಾವಣದಲ್ಲಿ 9 ಮಿ.ಲೀ. ಕಣ್ಣಂದಾಜಿನಲ್ಲಿ ಕಡಿಮೆ ಕುಡಿಸಿದರೆ ಜಂತು ಸಾಯುವುದಿಲ್ಲ, ಔಷಧಿಗೆ ಒಗ್ಗಿಕೊಳ್ಳುತ್ತದೆ. ಕುಡಿಸುವಾಗ ಮೂತಿಯನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆತ್ತಬೇಡಿ. ಎತ್ತಿದರೆ ಔಷಧಿ ಶ್ವಾಸಕೋಶಕ್ಕೆ ಇಳಿಯುತ್ತದೆ, ಎರಡು ಮೂರು ದಿನದಲ್ಲಿ ನ್ಯುಮೋನಿಯಾ.

ಮೊದಲ ಮಳೆಯ ಚಿಗುರಿನಲ್ಲಿ ಎರಡು ಸಾವು ಅಡಗಿವೆ. ಒಂದು ಕರುಳುಬೇನೆ. ರಾತ್ರಿ ಚೆನ್ನಾಗಿದ್ದ, ಹಿಂಡಿನಲ್ಲೇ ಕೊಬ್ಬಿದ ಮರಿ ಬೆಳಿಗ್ಗೆ ಸತ್ತು ಬಿದ್ದಿರುತ್ತದೆ. ಚಿಕಿತ್ಸೆಗೆ ಹೊತ್ತೇ ಸಿಗುವುದಿಲ್ಲ, ಮೇ ತಿಂಗಳಲ್ಲೇ ಲಸಿಕೆ ಹಾಕಿಸಿರಬೇಕು. ಮೊದಲ ಸಲ ಹಾಕಿಸುವ ಕುರಿಗೆ ಎರಡು ಮೂರು ವಾರದ ಅಂತರದಲ್ಲಿ ಎರಡು ಸಲ. ಎರಡನೆಯದು ಎಳೆ ಜೋಳದ ಪೈರು. ಮೊಣಕಾಲೆತ್ತರಕ್ಕೂ ಬಾರದ, ಬಿಸಿಲಿಗೆ ಬಾಡಿದ ಜೋಳದಲ್ಲಿ ಸಯನೈಡ್ ವಿಷವಿರುತ್ತದೆ. ಮಳೆ ಕೈಕೊಟ್ಟ ಹೊಲಕ್ಕೆ ಹಿಂಡು ನುಗ್ಗಿದರೆ ಹತ್ತು ನಿಮಿಷ ಸಾಕು.

ಉತ್ತರೆ, ಹಸ್ತ: ಹಿಂಗಾರಿನ ಕತ್ತರಿ

ಮರಿ ಹಾಕಲು ಆರು ವಾರ ಉಳಿದಾಗಿನಿಂದ ಕುರಿಯನ್ನು ಕೆಡವಿ ಉಣ್ಣೆ ಕತ್ತರಿಸುವಂತಿಲ್ಲ. ನವೆಂಬರ್ 19ರಿಂದ ಹಿಂದಕ್ಕೆ ಎಣಿಸಿದರೆ ಅಕ್ಟೋಬರ್ ಮೊದಲ ವಾರ ಕೊನೆಯ ಗಡುವು. ಹಾಗಾಗಿ ಸೆಪ್ಟೆಂಬರ್ ಮಧ್ಯದಿಂದಲೇ ಆಕಾಶ ನೋಡುತ್ತಿರಿ. ಈ ಸೀಮೆಯಲ್ಲಿ ಆಗಲೇ ಮಳೆ ಜೋರು. ಸಾಲಾಗಿ ಮೂರು ಒಣ ದಿನ ಸಿಕ್ಕರೆ ಬಿಡಬೇಡಿ. ಮೊದಲ ದಿನ ತೊಳೆದು, ಎರಡನೇ ದಿನ ಒಣಗಿಸಿ, ಮೂರನೇ ದಿನ ಕತ್ತರಿ ಹಾಕಬೇಕು.

ಕತ್ತರಿಗೆ ಒಂದು ತಿಂಗಳು ಮೊದಲಿನಿಂದ ನೆಗ್ಗಿಲು ಮುಳ್ಳು, ಉತ್ತರಾಣಿ ಬೆಳೆದ ಬೀಳಿಗೆ ಹಿಂಡು ಹೊಡೆಯಬೇಡಿ. ಉತ್ತರಾಣಿಯ ಬೀಜ ಉಣ್ಣೆಗೆ ಹೊಕ್ಕರೆ ಒಂದೊಂದನ್ನೂ ಕೈಯಿಂದಲೇ ಕೀಳಬೇಕು, ಕಿತ್ತರೂ ಅದರ ಮೊನೆ ನೂಲಿನಲ್ಲಿ ಉಳಿದು ಕಂಬಳಿ ಹೊದ್ದವರ ಮೈ ಚುಚ್ಚುತ್ತದೆ.

ಮೈ ತೊಳೆಯಲು ತಿಳಿನೀರು ಸಾಕು, ಸೋಪು, ಡಿಟರ್ಜೆಂಟ್ ಬೇಡ. ತೊಳೆದ ಕುರಿಯನ್ನು ಧೂಳಿನ ರೊಪ್ಪಕ್ಕೆ ಕೂಡಿದರೆ ತೊಳೆದದ್ದೇ ದಂಡ. ಹುಲ್ಲುನೆಲದಲ್ಲೋ ಬಂಡೆಯ ಮೇಲೋ ನಿಲ್ಲಿಸಿ. ಕತ್ತರಿಯ ಹಿಂದಿನ ರಾತ್ರಿ ಮೇವು ಕೊಡಬೇಡಿ. ಹೊಟ್ಟೆ ತುಂಬಿದ ಕುರಿಯನ್ನು ಅಂಗಾತ ಮಾಡಿದರೆ ಉಸಿರು ಕಟ್ಟುತ್ತದೆ. ಗಬ್ಬದ ಕುರಿಯನ್ನು ಮಾತ್ರ 12 ಗಂಟೆಗಿಂತ ಹೆಚ್ಚು ಉಪವಾಸ ಇಡಬೇಡಿ.

ನೆಲಕ್ಕೆ ಗೋಣಿ ಹಾಸಬೇಡಿ, ಸೆಣಬಿನ ಎಳೆ ಉಣ್ಣೆಗೆ ಸೇರಿದರೆ ಬೇರ್ಪಡಿಸಲಾಗದು. ತಾಡಪತ್ರಿ ಅಥವಾ ಹಳೇ ಹತ್ತಿ ಜಮಖಾನ ಒಳ್ಳೆಯದು. ಕಾಲು ಕಟ್ಟುವುದು ಹತ್ತಿ ಹಗ್ಗದಲ್ಲಿ, ಪ್ಲಾಸ್ಟಿಕ್ ಹಗ್ಗದಲ್ಲಿ ಅಲ್ಲ. ಮುಂದಿನ ಎರಡು ಕಾಲು, ಹಿಂದಿನ ಒಂದು ಕಾಲು ಸೇರಿಸಿ ಕಟ್ಟಿದರೆ ಸಾಕು.

ಕತ್ತರಿಯನ್ನು ಪ್ರತಿ ನಾಲ್ಕೈದು ಕುರಿಗೊಮ್ಮೆ ಸಾಣೆಗೆ ತಿಕ್ಕಿ. ಮೊದಲು ಹೊಟ್ಟೆಯ ಉಣ್ಣೆ ತೆಗೆದು ಬೇರೆ ಇಡಿ, ಅದರಲ್ಲಿ ಗಂಜಲ, ಹಿಕ್ಕೆ, ಕಸ ಎಲ್ಲ ಇರುತ್ತದೆ. ಆಮೇಲೆ ಒಂದು ಪಕ್ಕೆಯಿಂದ ಬೆನ್ನಿನ ಕಡೆಗೆ, ಮಗ್ಗುಲು ಬದಲಿಸಿ ಇನ್ನೊಂದು ಪಕ್ಕೆಯಿಂದ ಬೆನ್ನಿಗೆ. ಎಡಗೈಯಿಂದ ತೊಗಲನ್ನು ಬಿಗಿಯಾಗಿ ಎಳೆದು ಹಿಡಿದು, ಅಲಗನ್ನು ಮೈಗೆ ಒರಗಿಸಿ, ಅರ್ಧ ಸೆಂಟಿಮೀಟರ್ ಉಳಿಸಿ ಕತ್ತರಿಸಿ. ತೊಗಲು ಸಡಿಲವಾಗಿದ್ದರೆ ಮಡಿಕೆ ಎದ್ದು ಅಲಗಿಗೆ ಸಿಗುತ್ತದೆ, ಗಾಯವಾಗುವುದು ಬಹುಪಾಲು ಕಂಕುಳು ಮತ್ತು ತೊಡೆಸಂದಿಯಲ್ಲಿ. ಕೆಚ್ಚಲಿನ ಬಳಿ ಮೊಲೆತೊಟ್ಟನ್ನು ಎರಡು ಬೆರಳಿನಿಂದ ಮುಚ್ಚಿಕೊಳ್ಳಿ. ಕೊಯ್ದ ತೊಟ್ಟಿನಿಂದ ಮುಂದೆ ಮರಿಗೆ ಹಾಲು ಸಿಗುವುದಿಲ್ಲ.

ಒಂದು ಕಡೆ ಕತ್ತರಿಸಿದ್ದು ಎತ್ತರವಾಯಿತೆಂದು ಅಲ್ಲೇ ಎರಡನೇ ಸಲ ಕತ್ತರಿ ಆಡಿಸುವ ಚಾಳಿ ಬಿಡಿ. ಆಗ ಬೀಳುವ ಬೆರಳುಗುರು ಉದ್ದದ ತುಣುಕುಗಳು ನೂಲಿನಲ್ಲಿ ನಿಲ್ಲುವುದಿಲ್ಲ. ಗಂಟಾಗುತ್ತವೆ, ನೂಲು ಅಲ್ಲೇ ಕಡಿಯುತ್ತದೆ. ಬೆನ್ನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಂಡರೂ ಸರಿ, ಮುಂದಿನ ಕತ್ತರಿಗೆ ಅದು ಸಮವಾಗುತ್ತದೆ.

ಗೀರು ಬಿದ್ದಲ್ಲಿ ಅಯೋಡಿನ್ ಹಚ್ಚಿ, ಮೇಲೆ ಬೇವಿನ ಎಣ್ಣೆ ಸವರಿ. ನೊಣ ಕೂತರೆ ಎರಡೇ ದಿನದಲ್ಲಿ ಹುಳ. ಕತ್ತರಿಸಿದ ಕುರಿಗೆ ಎರಡು ವಾರ ಮಳೆ, ಚಳಿಗಾಳಿ ತಾಗದಂತೆ ರಾತ್ರಿ ಮಾಡಿನಡಿ ಕೂಡಿ. 10-15 ದಿನ ಕಳೆದು ಗಾಯ ಮಾದ ಮೇಲೆ ಉಣ್ಣಿ, ಹೇನಿಗೆ ಔಷಧಿ ಸಿಂಪಡಿಸಿ. ಮೋಟು ಉಣ್ಣೆಯಲ್ಲಿ ಅದು ತೊಗಲಿಗೆ ಮುಟ್ಟುತ್ತದೆ. ಶೇ. 1.25ರ ಡೆಲ್ಟಾಮೆಥ್ರಿನ್ ಆದರೆ ಲೀಟರ್ ನೀರಿಗೆ 2 ಮಿ.ಲೀ. ಬಿಸಿಲಿರುವ ಬೆಳಿಗ್ಗೆ, ಕುರಿಗೆ ನೀರು ಕುಡಿಸಿದ ಮೇಲೆ ಸಿಂಪಡಿಸಿ, ಬಾಯಾರಿದ ಕುರಿ ಮೈಯಿಂದ ಇಳಿದ ಔಷಧಿಯನ್ನೇ ನೆಕ್ಕುತ್ತದೆ.

ಇದೇ ಕಾಲದಲ್ಲಿ ಎರಡು ಕಾವಲು. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಕೆರೆಯಂಗಳ, ಗದ್ದೆಯ ಜೌಗಿನಲ್ಲಿ ಮೇಯಿಸಬೇಡಿ, ಬಸವನಹುಳುವಿನಿಂದ ಯಕೃತ್ತಿನ ಹುಳ ಹತ್ತುತ್ತದೆ. ಕುರಿಯ ಗದ್ದದ ಕೆಳಗೆ ನೀರು ತುಂಬಿ ಜೋತುಬಿದ್ದರೆ ಹೊಟ್ಟೆಯಲ್ಲಿ ಹುಳ ತುಂಬಿದೆ ಎಂದೇ ತಿಳಿಯಿರಿ. ನೀಲಿ ನಾಲಿಗೆ ರೋಗವನ್ನು ತರುವುದು ಮುಸ್ಸಂಜೆ ಮುತ್ತುವ ಸಣ್ಣ ಕಚ್ಚುನೊಣ. ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿ, ರೊಪ್ಪದ ಸುತ್ತ ನೀರು, ಗೊಬ್ಬರದ ಕೆಸರು ನಿಲ್ಲದಂತೆ ಕಾಲುವೆ ತೆಗೆಯಿರಿ.

ಚಳಿ: ಮರಿ ಬೀಳುವ ಕಾಲ

ಕೊನೆಯ ಒಂದೂವರೆ ತಿಂಗಳಲ್ಲಿ ತಲೆಗೆ 250 ಗ್ರಾಂ ನುಚ್ಚು-ಹಿಂಡಿ ಕೊಡಿ. ಮರಿ ಹಾಕಲು ಎರಡು ಮೂರು ವಾರ ಇರುವಾಗ, ಕುರಿ ನಿಂತ ಹಾಗೇ, ಕೆಚ್ಚಲು ಮತ್ತು ಬಾಲದ ಸುತ್ತ ಮಾತ್ರ ಉಣ್ಣೆ ಕತ್ತರಿಸಿ. ಹುಟ್ಟಿದ ಮರಿ ತೊಟ್ಟು ಸಿಗದೆ ಉಣ್ಣೆಯ ಕುಚ್ಚನ್ನೇ ಚೀಪುತ್ತಾ ನಿತ್ರಾಣವಾಗುವುದು ತಪ್ಪುತ್ತದೆ.

ಮುಂಗಾಲು ಎರಡು, ಅದರ ಮೇಲೆ ಮೂತಿ ಕಂಡರೆ ಕೈ ಹಾಕಬೇಡಿ. ಒಂದು ಗಂಟೆ ಬಲವಾಗಿ ತಿಣುಕಿದರೂ ಏನೂ ಕಾಣದಿದ್ದರೆ, ಅಥವಾ ಮೂತಿ ಬಂದು ಕಾಲು ಬಾರದಿದ್ದರೆ, ಪಶುವೈದ್ಯರನ್ನು ಕರೆಯಿರಿ. ಮರಿ ಬಿದ್ದ ಕೂಡಲೇ ಮೂಗು, ಬಾಯಿಯ ಲೋಳೆ ಒರೆಸಿ, ಹೊಕ್ಕುಳಬಳ್ಳಿಯನ್ನು ಅಯೋಡಿನ್‌ನಲ್ಲಿ ಅದ್ದಿ. ಮೊದಲ ಗಂಟೆಯೊಳಗೆ ಗಿಣ್ಣುಹಾಲು ಹೊಟ್ಟೆಗೆ ಹೋಗಬೇಕು. ಕೆ.ಜಿ. ತೂಕಕ್ಕೆ 50 ಮಿ.ಲೀ.ನಂತೆ ಎರಡೂವರೆ ಕೆ.ಜಿ. ಮರಿಗೆ ಒಂದು ಸಲಕ್ಕೆ 125 ಮಿ.ಲೀ., ಮೊದಲ ದಿನ ಮೂರು ನಾಲ್ಕು ಸಲ. ತೊಟ್ಟಿಗೆ ಮೇಣದಂಥ ಬಿರಡೆ ಕಟ್ಟಿರುತ್ತದೆ. ಎರಡು ಸಲ ಹಿಂಡಿ ಅದನ್ನು ತೆಗೆದೇ ಮರಿಯನ್ನು ಬಿಡಿ. ಕುರಿ ನೆಕ್ಕಲಿಲ್ಲವೆಂದರೆ ಮರಿಯ ಮೈಮೇಲೆ ಚಿಟಿಕೆ ಉಪ್ಪು ಉದುರಿಸಿ.

ಎರಡನೇ ವಾರದಿಂದ ದೊಡ್ಡ ಕುರಿ ನುಗ್ಗದಂಥ ಗೂಡಿನಲ್ಲಿ ಮರಿಗೆ ಎಳೆ ಸೊಪ್ಪು, ನುಚ್ಚು ಇಡಿ. ಮೂರು ತಿಂಗಳಿಗೆ ಹಾಲು ಬಿಡಿಸಿ, ನಾಲ್ಕು ತುಂಬಿದ ಮೇಲೆ ಪಿಪಿಆರ್ (ಕುರಿ-ಮೇಕೆಗಳ ಪ್ಲೇಗು) ಲಸಿಕೆ ಹಾಕಿಸಿ.

ಬೇಸಿಗೆ: ಎರಡನೇ ಕತ್ತರಿ, ಉಣ್ಣೆಯ ಕೆಲಸ

ಮಾರ್ಚ್ ಕತ್ತರಿ ಸುಲಭ. ಒಣ ಗಾಳಿ, ಗಬ್ಬದ ಕಾಟವಿಲ್ಲ. ಮಧ್ಯಾಹ್ನದ ಬಿಸಿಲಿಗೆ ಹೊಸದಾಗಿ ಕತ್ತರಿಸಿದ ಬೆನ್ನು ಸುಡುತ್ತದೆ, ಹನ್ನೊಂದರಿಂದ ನಾಲ್ಕರವರೆಗೆ ನೆರಳಿರಲಿ.

ಮೇವಿನ ಲೆಕ್ಕ ಹೀಗೆ: 30 ಕೆ.ಜಿ. ಕುರಿಗೆ ದಿನಕ್ಕೆ ಸುಮಾರು ಒಂದು ಕೆ.ಜಿ. ಒಣಮೇವು. ಅರ್ಧ ಬೀಳಿನಲ್ಲಿ ಸಿಗುತ್ತದೆಂದರೂ 25 ಕುರಿಗೆ 90 ದಿನಕ್ಕೆ 1,125 ಕೆ.ಜಿ. ಬೇಕು. ಶೇಂಗಾ ಹೊಟ್ಟು, ತೊಗರಿ ಹೊಟ್ಟನ್ನು ಸುಗ್ಗಿಯಲ್ಲೇ ಕೂಡಿಡಿ, ಏಪ್ರಿಲ್‌ನಲ್ಲಿ ಕೊಳ್ಳಹೋದರೆ ಬೆಲೆ ಕೈಗೆಟುಕದು. ಬೂಷ್ಟು ಹಿಡಿದ ಶೇಂಗಾ ಹೊಟ್ಟು ಮಾತ್ರ ಬೇಡವೇ ಬೇಡ. ಹೊಲಗಳಲ್ಲಿ ರಾತ್ರಿ ಮಂದೆ ಕೂಡುವುದೂ ಈ ತಿಂಗಳುಗಳಲ್ಲೇ, ಹಿಕ್ಕೆ-ಗಂಜಲಕ್ಕೆ ರೈತರು ದುಡ್ಡು, ಕಾಳು ಕೊಡುತ್ತಾರೆ.

ಕತ್ತರಿಸಿದ ಉಣ್ಣೆಯನ್ನು ಅದೇ ದಿನ ಮೂರು ಪಾಲು ಮಾಡಿ. ಆರು ತಿಂಗಳ ಆಸುಪಾಸಿನ ಮರಿಯ ಮೊದಲ ಕತ್ತರಿ ಒಂದು. ಇದು ಅತಿ ಮೆತ್ತಗೆ, ಅತಿ ಕರಿ, ಇದರ ಕಂಬಳಿಗೇ ಒಳ್ಳೆಯ ಬೆಲೆ. ನವೆಂಬರ್‌ನ ಮರಿಗೆ ಮಾರ್ಚ್‌ನಲ್ಲಿ ಕತ್ತರಿ ಬೇಡ, ಮೇ ತಿಂಗಳವರೆಗೆ ಕಾಯಿರಿ. ದೊಡ್ಡ ಕುರಿಯ ಮೈ ಉಣ್ಣೆ ಎರಡನೆಯದು, ಬಿಸಿಲಿಗೆ ತುದಿ ಕಂದಾಗಿರುತ್ತದೆ. ಹೊಟ್ಟೆ, ಕಾಲು, ಬಾಲದ್ದು ಮೂರನೆಯದು. ಮರಿ ಉಣ್ಣೆಗೆ ಹೊಟ್ಟೆಯ ಉಣ್ಣೆ ಬೆರೆಸಿ ತೂಕ ಹೆಚ್ಚಿಸಿದರೆ ನೇಕಾರ ಇಡೀ ಗಂಟಿಗೆ ಕೊನೆಯ ದರ ಕಟ್ಟುತ್ತಾನೆ, ಅದು ನ್ಯಾಯವೂ ಹೌದು.

ಒಂದು ಕತ್ತರಿಗೆ ದೊಡ್ಡ ಕುರಿ ಕಾಲು ಕೆ.ಜಿ.ಯಿಂದ ಅರ್ಧ ಕೆ.ಜಿ.ವರೆಗೆ ಉಣ್ಣೆ ಕೊಡುತ್ತದೆ. ಎರಡು ಕೆ.ಜಿ.ಯ ಕಂಬಳಿಗೆ, ಬಿಡಿಸಿ ಎಕ್ಕುವಾಗ ಉದುರುವ ಕಸ, ಧೂಳು ಸೇರಿಸಿ, ಮೂರು ಕೆ.ಜಿ. ಹಸಿ ಉಣ್ಣೆ ಹಿಡಿಯಿರಿ, ಅಂದರೆ ಎಂಟು ಹತ್ತು ಕುರಿಯದು. ಕೂಡಿಡುವುದಾದರೆ ಪೂರ್ತಿ ಒಣಗಿಸಿ ಹತ್ತಿ ಚೀಲದಲ್ಲಿ, ನೆಲದಿಂದ ಮೇಲೆ ಹಲಗೆಯ ಮೇಲಿಡಿ. ತೇವವಿದ್ದರೆ ಒಳಗೆ ಬಿಸಿಯೇರಿ ಮುಗ್ಗುತ್ತದೆ, ಹಿಡಿದೆಳೆದರೆ ತುಂಡಾಗುತ್ತದೆ. ಒಂದು ಕುಚ್ಚು ಎರಡೂ ತುದಿ ಹಿಡಿದು ಕಿವಿಯ ಬಳಿ ಜಗ್ಗಿ ನೋಡಿ. ಟಣ್ ಎಂದರೆ ಗಟ್ಟಿ, ಚರಚರ ಎಂದರೆ ಎಳೆ ನಡುವೆಯೇ ಸೊರಗಿದೆ. ಹಾಗಾಗಿದ್ದರೆ ಆ ಕುರಿ ಆ ಕಾಲದಲ್ಲಿ ಜ್ವರವನ್ನೋ ಹಸಿವನ್ನೋ ಕಂಡಿದೆ.

ಮನೆಯಲ್ಲೇ ನೇಯುವವರು ಹಾಸಿನ ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ನೂಲಿಗೆ, ಹುಣಸೆ ಬೀಜದ ಗಂಜಿ ಹಾಕುವ ಹಂತದಲ್ಲಿ ಅವಸರ ಮಾಡಬಾರದು. ಬೀಜ ಹುರಿದು, ಸಿಪ್ಪೆ ಕಳೆದು, ರಾತ್ರಿ ನೆನೆಸಿ, ನುಣ್ಣಗೆ ಅರೆದು, ಕೈಬಿಡದೆ ತಿರುವುತ್ತಾ ಬೇಯಿಸಿ. ಹಾಸನ್ನು ಬಿಗಿಯಾಗಿ ಕಟ್ಟಿ, ಗಂಜಿಯನ್ನು ಕುಂಚದಲ್ಲಿ ಒಂದೇ ದಿಕ್ಕಿಗೆ ಎಳೆಯುತ್ತಾ ಹಚ್ಚಿ, ಎಳೆಗಳು ಒಂದಕ್ಕೊಂದು ಅಂಟಿ ಒಣಗುವ ಮೊದಲೇ ಬಿಡಿಸುತ್ತಾ ಹೋಗಿ. ಗಂಜಿ ತೆಳುವಾದರೆ ಮಗ್ಗದ ಏಟಿಗೆ ನೂಲು ಕಡಿಯುತ್ತದೆ. ದಪ್ಪವಾದರೆ ಒಣಗಿ ಹೊಪ್ಪಳಿಕೆಯಾಗಿ ಉದುರುತ್ತದೆ. ಹಾಸು ಮುಟ್ಟಿದರೆ ಬಿರುಸಾಗಿ, ಬಗ್ಗಿಸಿದರೆ ಮುರಿಯದೆ ಇರಬೇಕು. ಈ ಕೆಲಸಕ್ಕೆ ಏಪ್ರಿಲ್ ಬಿಸಿಲೇ ಬೇಕು, ಮೋಡದ ದಿನ ಹಚ್ಚಿದ ಗಂಜಿ ಒಣಗುವ ಮೊದಲೇ ಹುಳಿತು ನಾರುತ್ತದೆ.