ಪಕ್ಕದ ರಾಜ್ಯದಿಂದ ತಂದ ಹಳೇ ಕಾರಿಗೆ ಕೆಎ ನಂಬರ್ ಮಾಡಿಸುವುದು ಹೇಗೆ?

ಗುಂಡ್ಲುಪೇಟೆ ದಾಟಿದರೆ ಒಂದು ಕಡೆ ಸುಲ್ತಾನ್ ಬತ್ತೇರಿ, ಇನ್ನೊಂದು ಕಡೆ ಊಟಿ. ಚಾಮರಾಜನಗರದ ದಾರಿ ಹಿಡಿದರೆ ಸತ್ಯಮಂಗಲ, ಕೊಯಮತ್ತೂರು. ಅಲ್ಲಿ ಕಾರು ಅಗ್ಗ ಎಂದು ಬೆಳಿಗ್ಗೆ ಹೊರಟು, ಪೂರ್ತಿ ದುಡ್ಡು ಎಣಿಸಿಕೊಟ್ಟು, ಸಂಜೆಗೆ ಕೆಎಲ್ ಅಥವಾ ಟಿಎನ್ ನಂಬರಿನ ಗಾಡಿ ತಂದು ಮನೆ ಮುಂದೆ ನಿಲ್ಲಿಸುವವರು ಮೈಸೂರು, ಮಂಡ್ಯದಲ್ಲಿ ಬಹಳ ಜನ. ಅದೇ ಗಾಡಿ ವರ್ಷವಾದರೂ ಹಳೇ ಹೆಸರಲ್ಲೇ ಓಡುತ್ತಿರುತ್ತದೆ. ಮಾರಿದವರು ಫೋನ್ ಎತ್ತುವುದಿಲ್ಲ, ಆರ್‌ಟಿಒ ಕಡತ ತೆಗೆದುಕೊಳ್ಳುವುದಿಲ್ಲ. ಕಾರಿನಲ್ಲಿ ದೋಷವಿರುವುದಿಲ್ಲ, ಕೆಲಸ ಮಾಡಿದ ಸರದಿ ತಪ್ಪಿರುತ್ತದೆ.

‘ಹೊರರಾಜ್ಯದ ಗಾಡಿಯನ್ನು ಒಂದು ವರ್ಷ ಓಡಿಸಬಹುದು’ ಎಂಬ ಮಾತನ್ನು ಮೊದಲು ತಲೆಯಿಂದ ತೆಗೆಯಿರಿ. 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ನಿನಲ್ಲಿ ಬರುವ 12 ತಿಂಗಳ ಗಡುವು, ತನ್ನದೇ ಗಾಡಿಯ ಜೊತೆ ಊರು ಬದಲಿಸುವ ಮಾಲೀಕರಿಗೆ. ಕೊಂಡವರಿಗೆ ಅನ್ವಯಿಸುವುದು 50ನೇ ಸೆಕ್ಷನ್: ಕೊಂಡ 30 ದಿನದೊಳಗೆ ಹೆಸರು ವರ್ಗಾವಣೆಗೆ ಅರ್ಜಿ ಹಾಕಬೇಕು.

ಮೊದಲು ಟ್ಯಾಕ್ಸ್ ಲೆಕ್ಕ

ಕಾರು ನೋಡಲು ಹೋಗುವ ಮುಂಚೆಯೇ ಈ ಲೆಕ್ಕ ಮುಗಿಯಬೇಕು. ರಸ್ತೆ ತೆರಿಗೆ ಅತಿ ಹೆಚ್ಚಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪೆಟ್ರೋಲ್, ಡೀಸೆಲ್ ಖಾಸಗಿ ಕಾರಿಗೆ ಲೈಫ್ ಟ್ಯಾಕ್ಸ್ ದರ 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರಾಚೆ ಶೇ 18. ಗಾಡಿಗೆ ವಯಸ್ಸಾದಷ್ಟೂ ಇದರಲ್ಲಿ ಕಡಿತ ಸಿಗುತ್ತದೆ; ಉಳಿದ ತೆರಿಗೆಯ ಮೇಲೆ ಸೆಸ್ ಬೀಳುತ್ತದೆ.

ಜನ ಎಡವುವುದು ಇಲ್ಲೇ. ತೆರಿಗೆ ಹಾಕುವುದು ನೀವು ಕೊಟ್ಟ ಬೆಲೆಯ ಮೇಲಲ್ಲ, ಕಾರು ಹೊಸದಾಗಿ ಶೋರೂಮಿನಿಂದ ಹೊರಟಾಗಿನ ಇನ್ವಾಯ್ಸ್ ಬೆಲೆಯ ಮೇಲೆ. ಅಂದು 8 ಲಕ್ಷದ ಕಾರನ್ನು ನೀವು 3 ಲಕ್ಷಕ್ಕೆ ಕೊಂಡರೂ ಲೆಕ್ಕ ಶುರುವಾಗುವುದು 8 ಲಕ್ಷದ ಶೇ 14ರಿಂದ, ಅಂದರೆ 1,12,000 ರೂಪಾಯಿಯಿಂದ. ವಯಸ್ಸಿನ ಕಡಿತ ಅದಾದ ಮೇಲೆ. ಹಾಗಾಗಿ ಆರ್‌ಸಿಯ ಫೋಟೊ ತರಿಸಿಕೊಂಡು, ನಿಮ್ಮ ಆರ್‌ಟಿಒ ಕಚೇರಿಯ ತೆರಿಗೆ ವಿಭಾಗದಲ್ಲಿ ತೋರಿಸಿ ಅಂದಾಜು ಮೊತ್ತ ಕೇಳಿಕೊಳ್ಳಿ. ಅದನ್ನು ಕಾರಿನ ಬೆಲೆಗೆ ಕೂಡಿಸಿ, ಅದೇ ವರ್ಷದ ಅದೇ ಮಾಡೆಲ್‌ನ ಕೆಎ ನಂಬರಿನ ಕಾರಿಗೆ ಮೈಸೂರಿನಲ್ಲಿ ಎಷ್ಟಿದೆ ನೋಡಿ. ಕನಿಷ್ಠ 50,000 ರೂಪಾಯಿ ಉಳಿಯದಿದ್ದರೆ ಆ ಕಾರು ಬೇಡ. ಓಡಾಟ, ಕೆಲಸಕ್ಕೆ ರಜೆ, ಪ್ಲೇಟು, ಸಣ್ಣಪುಟ್ಟ ರಿಪೇರಿ ಎಲ್ಲ ಸೇರಿ ಅದಕ್ಕಿಂತ ಕಡಿಮೆ ಉಳಿತಾಯವನ್ನು ನುಂಗಿಹಾಕುತ್ತವೆ.

15 ವರ್ಷ ತುಂಬುತ್ತಿರುವ ಗಾಡಿಯನ್ನಂತೂ ಹೊರರಾಜ್ಯದಿಂದ ತರಲೇಬೇಡಿ. ನೋಂದಣಿ ನವೀಕರಣಕ್ಕೇ 5,000 ರೂಪಾಯಿ ಶುಲ್ಕ, ತಡವಾದರೆ ತಿಂಗಳಿಗೆ 500 ದಂಡ. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾಯಿಸಿದ ಟ್ಯಾಕ್ಸಿಗಳೂ ಬೇಡ. ಮೀಟರಿನ ಕಿಲೋಮೀಟರ್ ನಂಬುವ ಹಾಗಿರುವುದಿಲ್ಲ.

ಕಾರು ನೋಡುವಾಗ

ಎಂಜಿನ್, ಕ್ಲಚ್, ಟೈರ್ ನೋಡಲು ನಿಮ್ಮ ಮೆಕ್ಯಾನಿಕ್ಕನ್ನೇ ಕರೆದುಕೊಂಡು ಹೋಗಿ. ಕೇರಳ, ಚೆನ್ನೈ ಕಡೆಯ ಗಾಡಿಯಲ್ಲಿ ವಿಶೇಷವಾಗಿ ನೋಡಬೇಕಾದ್ದು ನೆರೆನೀರಿನ ಗುರುತು. 2015ರ ಡಿಸೆಂಬರ್ ಮತ್ತು 2023ರ ಡಿಸೆಂಬರಿನಲ್ಲಿ ಚೆನ್ನೈ, 2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿದಾಗ ನೀರಿನಲ್ಲಿ ನಿಂತ ಕಾರುಗಳು ತೊಳೆದು ಪಾಲಿಶ್ ಆಗಿ ಮಾರಾಟಕ್ಕೆ ಬಂದಿವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಒಳಭಾಗದಲ್ಲಿ ಕೆಸರಿನ ಗೆರೆ ಇದೆಯೇ ನೋಡಿ. ತೊಳೆಯುವವರು ಅಲ್ಲಿಯವರೆಗೆ ಹೋಗುವುದಿಲ್ಲ. ಮುಂದಿನ ಸೀಟಿನ ಹಳಿಯ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಮಣ್ಣು ಕೂತಿದೆಯೇ, ಹೆಡ್‌ಲೈಟ್ ಗಾಜಿನ ಒಳಗೆ ನೀರು ನಿಂತ ಗುರುತಿದೆಯೇ, ಇದಿಷ್ಟನ್ನೂ ಹಗಲು ಬೆಳಕಿನಲ್ಲಿ ನೋಡಿ. ಗಾಡಿಯೊಳಗೆ ಸುವಾಸನೆಯ ಸ್ಪ್ರೇ ಜೋರಾಗಿ ಹೊಡೆದಿದ್ದರೆ ಮ್ಯಾಟ್ ಎತ್ತಿ ಮೂಸಿ ನೋಡಿ. ನೀರು ಕುಡಿದ ವೈರಿಂಗ್ ಇವತ್ತಲ್ಲ ನಾಳೆ ಕೈಕೊಡುತ್ತದೆ, ಎಷ್ಟು ಅಗ್ಗವಾದರೂ ಬೇಡ.

ಚಾಸಿ ನಂಬರನ್ನು ಆರ್‌ಸಿಯ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. 17 ಅಂಕಿ-ಅಕ್ಷರಗಳಿರುತ್ತವೆ, ಅವುಗಳಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಬರುವುದಿಲ್ಲ. ಓ ಥರ ಕಂಡದ್ದು ಸೊನ್ನೆ, ಐ ಥರ ಕಂಡದ್ದು ಒಂದು. ಕೆಲವು ಮಾಡೆಲ್‌ಗಳಲ್ಲಿ ಇದು ಬಾನೆಟ್ಟಿನೊಳಗೆ ಹಿಂದಿನ ಗೋಡೆಯ ಮೇಲಿರುತ್ತದೆ, ಕೆಲವದರಲ್ಲಿ ಮುಂದಿನ ಸೀಟಿನ ಕೆಳಗೆ ಕಾರ್ಪೆಟ್ ಸರಿಸಿದರೆ ಸಿಗುತ್ತದೆ. ಸುತ್ತ ಹೊಸ ಪೇಂಟ್ ಅಥವಾ ಉಜ್ಜಿದ ಗುರುತು ಕಂಡರೆ ಅಲ್ಲಿಂದ ವಾಪಸ್ ಬನ್ನಿ. ಬಾಕಿ ದಂಡವನ್ನು ಸರ್ಕಾರದ ಇ-ಚಲನ್ ಜಾಲತಾಣದಲ್ಲಿ ಅಲ್ಲೇ ನಿಂತು ನೋಡಿ. ಕಟ್ಟುವುದು ಮಾರುವವರ ಜವಾಬ್ದಾರಿ.

ಎನ್‌ಒಸಿ: ಇಲ್ಲಿ ಆತುರ ಬೇಡ

ಎನ್‌ಒಸಿ ಎಂದರೆ ಎರಡು ಬೇರೆ ಬೇರೆ ಕಾಗದ, ಇದನ್ನು ಗಟ್ಟಿಯಾಗಿ ನೆನಪಿಡಿ. ಒಂದು, ಸಾಲ ತೀರಿದೆ ಎಂದು ಬ್ಯಾಂಕು ಕೊಡುವುದು. ಇನ್ನೊಂದು, ಗಾಡಿ ಬೇರೆ ರಾಜ್ಯಕ್ಕೆ ಹೋಗಲು ಅಡ್ಡಿಯಿಲ್ಲ ಎಂದು ಹಳೇ ಆರ್‌ಟಿಒ 48ನೇ ಸೆಕ್ಷನ್ ಪ್ರಕಾರ ಕೊಡುವುದು. ‘ಎನ್‌ಒಸಿ ರೆಡಿ ಇದೆ ಸಾರ್’ ಎಂದು ಬ್ರೋಕರ್ ಹೇಳಿದರೆ ಯಾವುದು ಎಂದು ಕೇಳಿ. ಹೆಚ್ಚಿನ ಸಲ ಅದು ಬ್ಯಾಂಕಿನದಾಗಿರುತ್ತದೆ, ಅದರಿಂದ ಮೈಸೂರಿನಲ್ಲಿ ಏನೂ ನಡೆಯುವುದಿಲ್ಲ.

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಮೊದಲು ಫಾರಂ 35 ಮತ್ತು ಬ್ಯಾಂಕಿನ ಪತ್ರ ಕೊಟ್ಟು ಆ ಹೆಸರನ್ನು ತೆಗೆಸಬೇಕು; ಜನ ‘ಎಚ್‌ಪಿ ತೆಗೆಸುವುದು’ ಎನ್ನುವ ಆ ಕೆಲಸ ಹಳೇ ಆರ್‌ಟಿಒದಲ್ಲೇ ಮುಗಿಯಬೇಕು. ಬ್ಯಾಂಕಿನ ಪತ್ರವಿದೆ, ಮೈಸೂರಿಗೆ ಹೋಗಿ ತೆಗೆಸಿಕೊಳ್ಳಿ ಎನ್ನುವವರ ಮಾತು ಕೇಳಬೇಡಿ.

ಆಮೇಲೆ ಆರ್‌ಟಿಒ ಎನ್‌ಒಸಿಗೆ ಹಾಕುವ ಅರ್ಜಿ, ಫಾರಂ 28. ಅರ್ಜಿ ಪರಿವಾಹನ್ ಜಾಲತಾಣದಲ್ಲಿ. ಹಾಕಬೇಕಾದವರು ಆರ್‌ಸಿಯಲ್ಲಿ ಹೆಸರಿರುವ ಮಾಲೀಕರು. ಒಟಿಪಿ ಬರುವುದು ಆರ್‌ಸಿಗೆ ಜೋಡಿಸಿದ ಮೊಬೈಲ್ ನಂಬರಿಗೆ. ಆ ಸಿಮ್ ಯಾವತ್ತೋ ಕಳೆದಿರಬಹುದು, ಅಥವಾ ಅದು ಕಾರು ಮಾರಿದ ಶೋರೂಮಿನವರ ನಂಬರ್ ಆಗಿರಬಹುದು. ಇಂಥದ್ದು ಕಂಡರೆ ಮೊದಲು ನಂಬರ್ ಬದಲಾಯಿಸಲು ಹೇಳಿ. ಇನಿಷಿಯಲ್‌ಗಳನ್ನೂ ಗಮನಿಸಿ: ಕೇರಳ, ತಮಿಳುನಾಡಿನಲ್ಲಿ ಹೆಸರಿನ ಹಿಂದೆ ಮುಂದೆ ಬರುವ ಇನಿಷಿಯಲ್ ಆರ್‌ಸಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇರುವುದು ಮಾಮೂಲು. ಹೆಸರು ಹೊಂದದಿದ್ದರೆ ಆಧಾರ್ ಮೂಲಕ ಅರ್ಜಿ ಮುಂದೆ ಹೋಗುವುದಿಲ್ಲ.

ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕು. ಜಾಗವನ್ನು ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿ, ತೆಳು ಕಾಗದವನ್ನು ಅಲುಗದ ಹಾಗೆ ಟೇಪ್ ಹಚ್ಚಿ ಕೂರಿಸಿ, ಮೆತ್ತನೆಯ ಪೆನ್ಸಿಲ್ಲನ್ನು ಅಡ್ಡ ಹಿಡಿದು ಒಂದೇ ದಿಕ್ಕಿಗೆ ಉಜ್ಜಿ. ನಾಲ್ಕೈದು ಪ್ರತಿ ಒಮ್ಮೆಗೇ ತೆಗೆದಿಟ್ಟುಕೊಳ್ಳಿ, ಮೈಸೂರಿನಲ್ಲೂ ಬೇಕಾಗುತ್ತದೆ.

ಈಗ ಅತಿ ಹೆಚ್ಚು ಜನ ತಪ್ಪುವ ಜಾಗ. ಎನ್‌ಒಸಿ ‘ಕರ್ನಾಟಕಕ್ಕೆ’ ಸಿಗುವುದಿಲ್ಲ, ಒಂದು ನಿರ್ದಿಷ್ಟ ಆರ್‌ಟಿಒ ಕಚೇರಿಗೆ ಸಿಗುತ್ತದೆ. ಮೈಸೂರು ನಗರದಲ್ಲೇ ಎರಡಿವೆ: ಪಶ್ಚಿಮ ಕೆಎ-09, ಪೂರ್ವ ಕೆಎ-55. ಹುಣಸೂರಿನದು ಕೆಎ-45, ಮಂಡ್ಯದ್ದು ಕೆಎ-11, ನಾಗಮಂಗಲದ್ದು ಕೆಎ-54. ನಿಮ್ಮ ಆಧಾರ್‌ನಲ್ಲಿರುವ ವಿಳಾಸ ಯಾವ ಕಚೇರಿಗೆ ಸೇರುತ್ತದೆ ಎಂದು ಕಚೇರಿಯಲ್ಲೇ ವಿಚಾರಿಸಿ, ಚೀಟಿಯಲ್ಲಿ ಬರೆದು ಮಾರುವವರ ಕೈಗೆ ಕೊಡಿ. ‘ಮೈಸೂರು’ ಎಂದಷ್ಟೇ ಹೇಳಿದರೆ ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಒತ್ತುತ್ತಾರೆ. ತಪ್ಪು ಕಚೇರಿಗೆ ಎನ್‌ಒಸಿ ಬಂದರೆ ನಿಮ್ಮ ಆರ್‌ಟಿಒದಲ್ಲಿ ಗಾಡಿಯ ದಾಖಲೆಯೇ ತೆರೆಯುವುದಿಲ್ಲ. ಅದನ್ನು ಹಳೇ ಕಚೇರಿಯಲ್ಲೇ ರದ್ದು ಮಾಡಿಸಿ ಹೊಸದಾಗಿ ಅರ್ಜಿ ಹಾಕಬೇಕು, ಮತ್ತೆ ಮಾರಿದವರ ಒಟಿಪಿ ಬೇಕು. ಪೂರ್ತಿ ದುಡ್ಡು ಕೈಗೆ ಬಂದವರಿಗೆ ಆ ಹೊತ್ತಿಗೆ ಪುರುಸೊತ್ತು ಇರುವುದಿಲ್ಲ.

ಅದಕ್ಕೇ ಬೆಲೆಯ ಕಾಲು ಭಾಗವನ್ನು, ಸರಿಯಾದ ಎನ್‌ಒಸಿ ಕೈ ಸೇರುವವರೆಗೆ ಹಿಡಿದಿಟ್ಟುಕೊಳ್ಳಿ. ಒಪ್ಪಂದದಲ್ಲಿ ಇದನ್ನು ಬರೆಸಿ, ಉಳಿದದ್ದನ್ನು ಬ್ಯಾಂಕಿನ ಮೂಲಕವೇ ಕೊಡಿ. ಒಪ್ಪದವರ ಹತ್ತಿರ ಕಾರು ಕೊಳ್ಳಬೇಡಿ. ಬೇಗ ವರ್ಗಾವಣೆಯಾಗುವುದು ಮಾರುವವರಿಗೂ ಒಳ್ಳೆಯದೇ: ಅಪಘಾತವಾದರೆ ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಅರ್ಜಿ ಬಂದ 30 ದಿನದೊಳಗೆ ಉತ್ತರ ಬಾರದಿದ್ದರೆ ಎನ್‌ಒಸಿ ಕೊಟ್ಟಂತೆಯೇ ಎಂದು ಕಾಯ್ದೆ ಹೇಳುತ್ತದೆ. ಹಳೇ ಕಚೇರಿಯಲ್ಲಿ ಒತ್ತಾಯಿಸಲು ಇದನ್ನು ಬಳಸಿ. ಆದರೆ ಕಾಗದವಿಲ್ಲದೆ ಮೈಸೂರಿನ ಕೌಂಟರಿನಲ್ಲಿ ನಿಲ್ಲಬೇಡಿ.

ಕಾರು ಡೀಲರ್ ಕೈಯಲ್ಲಿದ್ದರೆ ಫಾರಂ 29ಬಿ, ಅಂದರೆ ಹಳೇ ವಾಹನ ಮಾರಲು ಆರ್‌ಟಿಒ ಕೊಟ್ಟ ಅಧಿಕಾರಪತ್ರ ಕೇಳಿ. 2023ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಮಾಲೀಕರ ಸಹಿ ಮಾತ್ರ ಇರುವ ಹೆಸರು ವರ್ಗಾವಣೆಯ ಖಾಲಿ 29, 30ನೇ ಫಾರಂಗಳನ್ನು ಮುಂದಿಟ್ಟರೆ ಗಾಡಿ ಆಗಲೇ ಎರಡು ಮೂರು ಕೈ ದಾಟಿರಬಹುದು. ಮಾಲೀಕರನ್ನು ಮುಖತಃ ನೋಡಿ, ನಿಮ್ಮೆದುರು ಸಹಿ ಹಾಕಿಸಿಕೊಳ್ಳಿ: ಫಾರಂ 29ರ ಎರಡು ಪ್ರತಿ, ಫಾರಂ 30, ಅವರ ಗುರುತಿನ ಚೀಟಿಯ ಪ್ರತಿ. ಮೂಲ ಇನ್ವಾಯ್ಸನ್ನೂ ಅದೇ ದಿನ ಕೇಳಿ ಇಸಿದುಕೊಳ್ಳಿ. ತೆರಿಗೆ ಲೆಕ್ಕಕ್ಕೆ ಅದು ಬೇಕು, ಆಮೇಲೆ ಹುಡುಕಿಕೊಡುವವರು ಇರುವುದಿಲ್ಲ. ಹಳೇ ತೆರಿಗೆಯ ರಸೀದಿ, ಎರಡನೇ ಬೀಗದ ಕೈ, ಸರ್ವಿಸ್ ಪುಸ್ತಕ ಕೂಡ.

ಗಾಡಿ ತರುವ ದಿನ

ತಾರೀಖು, ಗಂಟೆ ಹಾಕಿದ ಡೆಲಿವರಿ ಪತ್ರಕ್ಕೆ ಇಬ್ಬರೂ ಸಹಿ ಮಾಡಿ. ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ ಚಾಲ್ತಿಯಲ್ಲಿರಲಿ. ಬಂಡೀಪುರದ ಎರಡೂ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ, ಅದಕ್ಕೆ ಸರಿಯಾಗಿ ಹೊರಡಿ.

ಮೈಸೂರು, ಮಂಡ್ಯದ ಕಚೇರಿಯಲ್ಲಿ

ಹೊಸ ನಂಬರಿಗೆ ಫಾರಂ 27, ಹೆಸರಿಗೆ 29 ಮತ್ತು 30, ವಿಳಾಸಕ್ಕೆ 33. ಎಲ್ಲವನ್ನೂ ಒಟ್ಟಿಗೇ ಹಾಕಿ, ಒಂದೊಂದಕ್ಕೂ ಬೇರೆ ಬೇರೆ ಓಡಾಟ ಬೇಡ. ಜೊತೆಗೆ ಮೂಲ ಆರ್‌ಸಿ, ಎನ್‌ಒಸಿ, ಇನ್ವಾಯ್ಸ್, ಇನ್ಶೂರೆನ್ಸ್, ಹೊಗೆ ಪತ್ರ, ಆಧಾರ್, ಪ್ಯಾನ್, ಚಾಸಿ ಪ್ರಿಂಟ್. ಅರ್ಜಿ ಶುಲ್ಕ ತೆರಿಗೆಯ ಮುಂದೆ ಸಣ್ಣದು. ಅದನ್ನು ನೀವೇ ಆನ್‌ಲೈನಿನಲ್ಲಿ ಕಟ್ಟಿ ರಸೀದಿ ಇಟ್ಟುಕೊಳ್ಳಿ. ‘ಟ್ಯಾಕ್ಸ್ ಸೇರಿ ಇಷ್ಟು’ ಎಂದು ಒಟ್ಟು ಮೊತ್ತ ಹೇಳುವ ಏಜೆಂಟರಿಗೆ ಕೊಟ್ಟರೆ ಸರ್ಕಾರಕ್ಕೆ ಹೋದದ್ದೆಷ್ಟು ಎಂದು ತಿಳಿಯುವುದೇ ಇಲ್ಲ.

ಮೋಟಾರು ವಾಹನ ನಿರೀಕ್ಷಕರು ಗಾಡಿ ನೋಡುವ ದಿನ ಅದು ಆರ್‌ಸಿಯಲ್ಲಿ ಇರುವ ಹಾಗೇ ಇರಬೇಕು. ಗಾಜಿನ ಕಪ್ಪು ಫಿಲಂ, ಮುಂದಿನ ಕಬ್ಬಿಣದ ಗಾರ್ಡ್ ಮೊದಲೇ ಕಿತ್ತುಹಾಕಿ. ಬಣ್ಣ ಬದಲಾಗಿದ್ದರೆ, ಆರ್‌ಸಿಯಲ್ಲಿಲ್ಲದ ಗ್ಯಾಸ್ ಕಿಟ್ ಹಾಕಿಸಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಆಮೇಲೆ ತೆರಿಗೆ ಕಟ್ಟಿದರೆ ಹೊಸ ನಂಬರ್ ಬರುತ್ತದೆ.

ನಂಬರ್ ಬಂದ ಮೇಲೆ

ಅತಿ ಸುರಕ್ಷಿತ ನೋಂದಣಿ ಫಲಕವನ್ನು, ಅಂದರೆ ಎಚ್‌ಎಸ್‌ಆರ್‌ಪಿ ಪ್ಲೇಟನ್ನು, ಅಧಿಕೃತ ಜಾಲತಾಣದಲ್ಲೇ ಬುಕ್ ಮಾಡಿ. ರಸ್ತೆ ಬದಿಯಲ್ಲಿ ಒಂದು ಗಂಟೆಯಲ್ಲಿ ಮಾಡಿಕೊಡುವ ಅದೇ ಥರದ ಪ್ಲೇಟು ದುಡ್ಡು ದಂಡ. ಅಸಲಿಯಲ್ಲಿ 20 ಮಿಲಿಮೀಟರ್ ಚೌಕದ ಅಶೋಕ ಚಕ್ರದ ಹಾಲೊಗ್ರಾಂ, ಲೇಸರಿನಲ್ಲಿ ಕೊರೆದ 10 ಅಂಕಿಯ ಸಂಖ್ಯೆ, ಒಮ್ಮೆ ಹಾಕಿದರೆ ಬಿಚ್ಚಲಾಗದ ಲಾಕ್ ಇರುತ್ತವೆ. ಮುಂದಿನ ಗಾಜಿಗೆ ಅಂಟಿಸುವ ಸ್ಟಿಕ್ಕರ್ ಪೆಟ್ರೋಲಿಗೆ ತಿಳಿನೀಲಿ, ಡೀಸೆಲ್ಲಿಗೆ ಕಿತ್ತಳೆ.

ಇನ್ಶೂರೆನ್ಸ್ ಕಂಪನಿಗೆ ಕೊಂಡ 14 ದಿನದೊಳಗೇ ಹೆಸರು ಬದಲಾಯಿಸಲು ಅರ್ಜಿ ಕೊಟ್ಟಿರಬೇಕು. ನಂಬರ್ ಬಂದ ಮೇಲೆ ಅದನ್ನೂ ಸೇರಿಸಿ. ಹೆಸರು ಬದಲಾಗದಿದ್ದರೆ ನಿಮ್ಮ ಗಾಡಿಯ ನಷ್ಟಕ್ಕೆ ದುಡ್ಡು ಸಿಗುವುದಿಲ್ಲ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಕ್ಕ ರಿಯಾಯಿತಿ, ಅವರದ್ದೇ, ಅದರ ವ್ಯತ್ಯಾಸದ ಹಣ ನೀವು ಕಟ್ಟಬೇಕು. ಫಾಸ್ಟ್ಯಾಗ್ ಹಳೆಯದನ್ನು ಅವರ ಕೈಲೇ ಮುಚ್ಚಿಸಿ ಹೊಸದು ತೆಗೆದುಕೊಳ್ಳಿ. ಇಲ್ಲದಿದ್ದರೆ ನೀವು ಗಣಂಗೂರು ಟೋಲ್ ದಾಟಿದಾಗೆಲ್ಲ ಅವರ ಖಾತೆಯಿಂದ ಹಣ ಹೋಗುತ್ತದೆ. ಅವರು ಅದನ್ನು ನಿಲ್ಲಿಸಿದ ದಿನ ನೀವು ಟೋಲಿನಲ್ಲಿ ನಿಂತಿರುತ್ತೀರಿ.

ಕೊನೆಯದು, ಬಹುತೇಕರು ಬಿಟ್ಟೇಬಿಡುವ ಹಣ. ಕೇರಳದಲ್ಲಿ ತೆರಿಗೆ ಕಟ್ಟಿಸಿಕೊಳ್ಳುವುದು 15 ವರ್ಷಕ್ಕೆ. ಗಾಡಿ ಆ ರಾಜ್ಯ ಬಿಟ್ಟು ಬೇರೆ ಕಡೆ ನೋಂದಣಿಯಾದರೆ ಉಳಿದ ಅವಧಿಯ ಪಾಲನ್ನು ವಾಪಸ್ ಕೇಳಬಹುದು. ಹೊಸ ಆರ್‌ಸಿ, ಇಲ್ಲಿ ಕಟ್ಟಿದ ತೆರಿಗೆಯ ರಸೀದಿ, ಹಳೇ ರಸೀದಿ, ಎನ್‌ಒಸಿಯ ಪ್ರತಿ ಇಟ್ಟು ಹಳೇ ಆರ್‌ಟಿಒಗೆ ಅರ್ಜಿ ಹಾಕಬೇಕು. ತೆರಿಗೆ ಕಟ್ಟಿದವರು ಮಾರಿದವರಾದ್ದರಿಂದ, ‘ಮರುಪಾವತಿ ಕೊಂಡವರಿಗೆ ಸಲ್ಲಲಿ’ ಎಂಬ ಒಪ್ಪಿಗೆ ಪತ್ರಕ್ಕೆ ಕಾರು ಕೊಳ್ಳುವ ದಿನವೇ ಸಹಿ ಹಾಕಿಸಿ ಇಟ್ಟುಕೊಳ್ಳಿ. ಅರ್ಜಿಯ ಗಡುವು ಎಷ್ಟು ದಿನ ಎಂಬುದನ್ನು ಎನ್‌ಒಸಿಗೆ ಹೋದಾಗಲೇ ಆ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ.