ನಕ್ಷೆಗೊಂದು ರಸ್ತೆ ಸೇರಿಸುವುದು ಹೇಗೆ?

ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಅಂತರ್ಜಾಲದ ನಕ್ಷೆಗೆ ಹೊಸಬರು ಸೇರಿಸಿದ್ದನ್ನು ನೋಡುತ್ತ ಕೂರುವುದು ನನ್ನ ಸಂಜೆಯ ಚಟ. ಗೆರೆ ಎಳೆಯುವುದರಲ್ಲಿ ಯಾರೂ ಅಷ್ಟಾಗಿ ಎಡವುವುದಿಲ್ಲ. ಆ ಗೆರೆ ಏನು ಅಂತ ಹೇಳಬೇಕಾದಾಗ ಎಡವುತ್ತಾರೆ. ಅರ್ಧ ಗಂಟೆ ಕೂತು ಒಂದೊಂದು ತಿರುವನ್ನೂ ಅಂದವಾಗಿ ಎಳೆದವರು ಕೊನೆಗೆ ಕಣ್ಣಿಗೆ ಬಿದ್ದ ಮೊದಲ ಟ್ಯಾಗ್ (ಗೆರೆ ಏನೆಂದು ಹೇಳುವ ಗುರುತು) ಒತ್ತಿ ಎದ್ದು ಹೋಗಿರುತ್ತಾರೆ. ಡಾಂಬರು ರಸ್ತೆ ಕಾಲುದಾರಿ ಆಗಿಬಿಡುತ್ತದೆ, ದಾರಿ ಹೇಳುವ ಆ್ಯಪ್ ಕಾರುಗಳನ್ನು ಊರು ಸುತ್ತಿಸುತ್ತದೆ.

2004ರಲ್ಲಿ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಶುರು ಮಾಡಿದ ಈ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ನಕ್ಷೆ ಅಂತ ಕರೆಯುತ್ತೇವೆ, ನಿಜವಾಗಿ ಅದೊಂದು ದತ್ತಾಂಶದ ಕಣಜ. ವೆಬ್‌ಸೈಟ್ ತೆರೆದಾಗ ಕಾಣುವುದು ಆ ದತ್ತಾಂಶದಿಂದ ಬಿಡಿಸಿದ ಹತ್ತಾರು ಚಿತ್ರಗಳಲ್ಲಿ ಒಂದು ಮಾತ್ರ. ಈ ಮಾತು ಮೂರನೇ ಹೆಜ್ಜೆಯಲ್ಲಿ ಮತ್ತೆ ಬರುತ್ತದೆ.

ಹೆಜ್ಜೆ 1: ಖಾತೆ ತೆರೆದು ‘ಎಡಿಟ್’ ಒತ್ತಿ

ಇಮೇಲ್ ಇದ್ದರೆ ಸಾಕು, ಎರಡು ನಿಮಿಷದ ಕೆಲಸ. ಬ್ರೌಸರ್‌ನಲ್ಲೇ ತೆರೆಯುವ ಎಡಿಟರ್ ಹೆಸರು ಐಡಿ. ಮೊದಲ ಸಲ ಅದು ತೋರಿಸುವ ಅಭ್ಯಾಸ ಪಾಠವನ್ನು ದಾಟಿಸಬೇಡಿ. ಜೋಸ್ಮ್ ಎಂಬ ಇನ್ನೊಂದು ಎಡಿಟರ್ ಬಗ್ಗೆ ಹಳಬರು ಬಾಯ್ತುಂಬ ಹೊಗಳುತ್ತಾರೆ. ನಾನೂ ಈಗ ಅದರಲ್ಲೇ ಕೆಲಸ ಮಾಡುವುದು. ಆದರೂ ಮೊದಲ ಒಂದು ತಿಂಗಳು ಅದರ ಹತ್ತಿರ ಹೋಗಬೇಡಿ. ಒಂದೇ ಏಟಿಗೆ ಸಾವಿರ ವಸ್ತುಗಳನ್ನು ಬದಲಿಸುವ ಶಕ್ತಿ ಅದಕ್ಕಿದೆ, ಅಂದರೆ ಸಾವಿರ ತಪ್ಪು ಮಾಡುವ ಶಕ್ತಿಯೂ ಇದೆ. ಆಂಡ್ರಾಯ್ಡ್ ಫೋನ್ ಇದ್ದವರಿಗೆ ಸ್ಟ್ರೀಟ್‌ಕಂಪ್ಲೀಟ್ ಆ್ಯಪ್ ಒಳ್ಳೆಯ ಶುರು. ನಿಂತ ಜಾಗದಲ್ಲೇ ‘ಈ ರಸ್ತೆಯ ಮೇಲ್ಮೈ ಎಂಥದ್ದು?’ ಅಂತ ಕೇಳುತ್ತದೆ, ನೀವು ಉತ್ತರ ಒತ್ತಿದರೆ ಟ್ಯಾಗ್ ಅದೇ ಹಾಕಿಕೊಳ್ಳುತ್ತದೆ. ಹೊಸ ರಸ್ತೆ ಎಳೆಯಲು ಮಾತ್ರ ಅದು ಸಾಲದು.

ಹೆಜ್ಜೆ 2: ಗೆರೆ ಎಳೆಯಿರಿ

ಹಿನ್ನೆಲೆಯಲ್ಲಿ ಉಪಗ್ರಹ ಚಿತ್ರ ಇರುತ್ತದೆ. ಅದರ ಮೇಲೆ ರಸ್ತೆಯ ನಡುಮಧ್ಯೆ ಗೆರೆ ಎಳೆಯುವುದು. ಆದರೆ ಚಿತ್ರವನ್ನು ಕುರುಡಾಗಿ ನಂಬಬೇಡಿ. ಉಪಗ್ರಹ ಚಿತ್ರ ಎಷ್ಟೋ ಕಡೆ ಕೆಲವು ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಜನ ನಡೆದು, ವಾಹನ ಓಡಿಸಿ ಸೇರಿಸಿದ ಜಿಪಿಎಸ್ ಜಾಡುಗಳನ್ನು ಎಡಿಟರ್‌ನಲ್ಲೇ ತೆರೆದು ನೋಡಿ. ಹತ್ತು ಜಾಡುಗಳು ಒಟ್ಟಾಗಿ ಒಂದೇ ಕಡೆ ಹೋಗುತ್ತಿದ್ದು, ಚಿತ್ರದ ರಸ್ತೆ ಮಾತ್ರ ಬೇರೆ ಕಡೆ ಇದ್ದರೆ ಸರಿಸಬೇಕಾದದ್ದು ಚಿತ್ರವನ್ನು. ಹಿನ್ನೆಲೆಯ ಪಟ್ಟಿಯಲ್ಲಿ ಅದಕ್ಕೊಂದು ಸೌಲಭ್ಯ ಇದೆ. ಇದು ಗೊತ್ತಿಲ್ಲದ ಪುಣ್ಯಾತ್ಮರು ಇಡೀ ಬಡಾವಣೆಯ ರಸ್ತೆಗಳನ್ನು ಚಿತ್ರಕ್ಕೆ ಹೊಂದುವಂತೆ ಎಳೆದಾಡಿ ಹೋಗಿರುವುದನ್ನು ಕಂಡಿದ್ದೇನೆ.

ಎರಡು ರಸ್ತೆ ಕೂಡುವಲ್ಲಿ ಎರಡಕ್ಕೂ ಒಂದೇ ಬಿಂದು ಇರಬೇಕು. ಈ ಬಿಂದುವಿಗೆ ನೋಡ್ ಅಂತ ಹೆಸರು. ಪರದೆಯ ಮೇಲೆ ಗೆರೆಗಳು ತಾಗಿದಂತೆ ಕಂಡರೆ ಸಾಲದು. ನೋಡ್ ಹಂಚಿಕೊಳ್ಳದಿದ್ದರೆ ದಾರಿ ಹುಡುಕುವ ತಂತ್ರಾಂಶಕ್ಕೆ ಅಲ್ಲಿ ರಸ್ತೆ ಕಡಿದುಹೋದ ಹಾಗೆ. ಸೇತುವೆಯದ್ದು ಇದಕ್ಕೆ ತಿರುಗಾಮುರುಗಾ: ಮೇಲಿನ ರಸ್ತೆಗೂ ಕೆಳಗಿನ ರಸ್ತೆಗೂ ನಂಟು ಇರಲೇಬಾರದು. ನಾನು ಹೊಸದರಲ್ಲಿ ಒಂದು ಮೇಲ್ಸೇತುವೆಯನ್ನು ಅಡಿಯ ರಸ್ತೆಗೆ ನೀಟಾಗಿ ಜೋಡಿಸಿ ಬೆನ್ನು ತಟ್ಟಿಕೊಂಡಿದ್ದೆ. ವಾರ ಕಳೆದ ಮೇಲೆ ನನ್ನದೇ ಫೋನು ಸೇತುವೆಯ ನಟ್ಟನಡುವೆ ‘ಎಡಕ್ಕೆ ತಿರುಗಿ’ ಅಂದಿತು. ಸೇತುವೆಯ ಎರಡೂ ತುದಿಯಲ್ಲಿ ರಸ್ತೆಯನ್ನು ತುಂಡು ಮಾಡಿ, ನಡುವಿನ ತುಂಡಿಗೆ ಮಾತ್ರ ‘ಬ್ರಿಡ್ಜ್=ಯೆಸ್’, ‘ಲೇಯರ್=1’ (ಅಂದರೆ ಒಂದು ಹಂತ ಮೇಲೆ) ಹಾಕುವುದು ಸರಿಯಾದ ಕ್ರಮ.

ಹಳೆಯ ರಸ್ತೆ ವಕ್ರವಾಗಿದ್ದರೆ ಅಳಿಸಿ ಹೊಸದಾಗಿ ಎಳೆಯಬೇಡಿ, ಇದ್ದ ಬಿಂದುಗಳನ್ನೇ ಸರಿಸಿ. ಯಾರು ಯಾವಾಗ ಏನು ಸೇರಿಸಿದರು ಎಂಬ ಚರಿತ್ರೆ ಆ ಗೆರೆಗೆ ಅಂಟಿಕೊಂಡಿರುತ್ತದೆ. ಅದರ ಮೇಲೆ ಬಸ್ಸಿನ ಮಾರ್ಗ ಹೋಗುತ್ತಿದ್ದರೆ, ಅಳಿಸಿದ ಕೂಡಲೇ ಅದೂ ಮುರಿಯುತ್ತದೆ.

ಇನ್ನೊಂದು ಅಡ್ಡದಾರಿಯ ವಿಷಯ. ಪಕ್ಕದ ಟ್ಯಾಬ್‌ನಲ್ಲಿ ಗೂಗಲ್ ಮ್ಯಾಪ್ ತೆರೆದಿಟ್ಟು ಹೆಸರು ನೋಡಿ ಬರೆಯುವ ಅಭ್ಯಾಸ ಬಿಡಿ. ಗೂಗಲ್‌ನದೇ ಬೀದಿ ಚಿತ್ರಗಳಾದ ಸ್ಟ್ರೀಟ್ ವ್ಯೂ ನೋಡಿ ಬರೆಯುವುದೂ ಕೂಡದು. ಅದು ಅವರ ಸೊತ್ತು, ನಮ್ಮ ಪರವಾನಗಿಗೆ ಒಗ್ಗುವುದಿಲ್ಲ. 2012ರಲ್ಲಿ ಈ ನಕ್ಷೆ ಒಡಿಬಿಎಲ್ ಎಂಬ ಹೊಸ ಪರವಾನಗಿಗೆ ಬದಲಾದಾಗ, ಒಪ್ಪಿಗೆ ಕೊಡದವರು ಸೇರಿಸಿದ್ದನ್ನೆಲ್ಲ ಕಿತ್ತು ತೆಗೆದಿದ್ದರು. ಹಕ್ಕಿನ ವಿಷಯದಲ್ಲಿ ಈ ಸಮುದಾಯ ಅಷ್ಟು ಕಟ್ಟುನಿಟ್ಟು. ಕದ್ದ ಒಂದು ಹೆಸರು ಸಿಕ್ಕಿತೆಂದರೆ ನಿಮ್ಮ ಉಳಿದ ಪ್ರಾಮಾಣಿಕ ಕೆಲಸವನ್ನೂ ಜನ ಅನುಮಾನದಿಂದ ನೋಡುತ್ತಾರೆ.

ಹೆಜ್ಜೆ 3: ಟ್ಯಾಗ್ ಹಾಕಿ (ಇಲ್ಲಿ ನಿಧಾನಿಸಿ)

ಟ್ಯಾಗ್ ಅಂದರೆ ಜೋಡಿ ಪದ. ಎಡಕ್ಕೆ ಗುಣದ ಹೆಸರು, ಬಲಕ್ಕೆ ಆ ಗುಣ ಎಂಥದ್ದು ಎಂಬ ಪದ. ರಸ್ತೆಗೆಲ್ಲ ಎಡಗಡೆ ಬರುವುದು ‘ಹೈವೇ’. ಇಲ್ಲೇ ಮೊದಲ ಗೊಂದಲ. ಹೈವೇ ಅಂದಕೂಡಲೇ ಹೆದ್ದಾರಿ ಅಂದುಕೊಳ್ಳಬೇಡಿ. ಈ ನಕ್ಷೆಯಲ್ಲಿ ಮೆಟ್ಟಿಲೂ ಹೈವೇ, ಕಾಲುದಾರಿಯೂ ಹೈವೇ. ಅದು ಎಂಥ ದಾರಿ ಅನ್ನುವುದನ್ನು ಬಲಗಡೆಯ ಪದ ಹೇಳುತ್ತದೆ.

ಬಲಗಡೆಯ ಪದಗಳಲ್ಲಿ ಅತಿ ಹೆಚ್ಚು ಕಾಡಿಸುವುದು ‘ಅನ್‌ಕ್ಲಾಸಿಫೈಡ್’. ‘ಯಾವ ವರ್ಗವೋ ಗೊತ್ತಿಲ್ಲ’ ಎಂಬ ಅರ್ಥ ಅಂದುಕೊಂಡು, ಅನುಮಾನ ಬಂದಲ್ಲೆಲ್ಲ ಅದನ್ನೇ ಒತ್ತುತ್ತಾರೆ. ಅದು ಬ್ರಿಟನ್ನಿನ ರಸ್ತೆ ವರ್ಗೀಕರಣದಿಂದ ಬಂದ ಪದ. ಅಲ್ಲಿ ಎ ರಸ್ತೆ, ಬಿ ರಸ್ತೆಗಳ ಕೆಳಗೆ ಬರುವ ಸಣ್ಣ ಸಾರ್ವಜನಿಕ ರಸ್ತೆಗಳಿಗೆ ಹಾಗೆನ್ನುತ್ತಾರೆ. ಎರಡು ಹಳ್ಳಿಗಳನ್ನು ಕೂಡಿಸುವ ಕಿರುರಸ್ತೆಗೆ ಈ ಟ್ಯಾಗ್ ಹೇಳಿ ಮಾಡಿಸಿದ್ದು. ನಿಜಕ್ಕೂ ಯಾವ ಬಗೆಯೆಂದು ತಿಳಿಯದಿದ್ದರೆ ‘ಹೈವೇ=ರೋಡ್’ ಅಂತ ಹಾಕಿ. ಅದನ್ನು ನೋಡಿದ ಇನ್ನೊಬ್ಬರಿಗೆ ಇಲ್ಲಿ ಪರಿಶೀಲನೆ ಬಾಕಿಯಿದೆ ಅಂತ ತಿಳಿಯುತ್ತದೆ.

ಎರಡೂ ಬದಿ ಮನೆಗಳಿದ್ದರೆ ‘ರೆಸಿಡೆನ್ಷಿಯಲ್’. ಒಂದು ಕಟ್ಟಡದ ಆವರಣಕ್ಕೋ ಪಾರ್ಕಿಂಗ್ ಜಾಗಕ್ಕೋ ಹೋಗಿ ನಿಲ್ಲುವುದು ‘ಸರ್ವೀಸ್’. ಹೊಲ, ಕಾಡಿನ ಕಡೆ ಹೋಗುವ ಬಂಡಿದಾರಿ ‘ಟ್ರ್ಯಾಕ್’. ಡಾಂಬರಿಲ್ಲ ಎಂಬ ಒಂದೇ ಕಾರಣಕ್ಕೆ ಟ್ರ್ಯಾಕ್ ಹಾಕುವುದು ತಪ್ಪು. ಮಣ್ಣಿನದ್ದಾದರೂ ಜನರ ಮನೆ ಬಾಗಿಲಿಗೆ ಹೋಗುವ ರಸ್ತೆ ರೆಸಿಡೆನ್ಷಿಯಲ್ಲೇ. ಮಣ್ಣು, ಜಲ್ಲಿ, ಕಾಂಕ್ರೀಟು ಅಂತ ಹೇಳಲು ‘ಸರ್ಫೇಸ್’ ಎಂಬ ಬೇರೆ ಟ್ಯಾಗ್ ಇದೆ. ರಸ್ತೆ ಯಾವ ಕೆಲಸಕ್ಕಿದೆ ಅನ್ನುವುದು ಒಂದು, ಅದರ ಮೇಲ್ಮೈ ಹೇಗಿದೆ ಅನ್ನುವುದು ಇನ್ನೊಂದು. ಇವೆರಡನ್ನೂ ಕಲಸಿಬಿಟ್ಟರೆ ಎಷ್ಟೋ ಆ್ಯಪ್‌ಗಳು ಆ ಮನೆಗಳಿಗೆ ಕಾರು ಹೋಗುವುದೇ ಇಲ್ಲ ಅಂದುಕೊಳ್ಳುತ್ತವೆ.

ಏಕಮುಖ ಸಂಚಾರಕ್ಕೆ ‘ಒನ್‌ವೇ=ಯೆಸ್’. ನೀವು ಗೆರೆ ಎಳೆದ ದಿಕ್ಕೇ ವಾಹನ ಹೋಗುವ ದಿಕ್ಕು. ಗೆರೆಯ ಮೇಲಿನ ಬಾಣ ನೋಡಿ ಖಚಿತ ಮಾಡಿಕೊಳ್ಳಿ.

ಹೆಸರಿನ ಜಾಗದಲ್ಲಿ ಹೆಸರನ್ನಷ್ಟೇ ಬರೆಯಿರಿ. ಇಷ್ಟು ಸರಳ ಮಾತನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಜಾಗದಲ್ಲಿ ‘ಮಣ್ಣಿನ ರಸ್ತೆ’, ‘ನಮ್ಮ ಮನೆಗೆ ದಾರಿ’, ‘ಮಳೆಗಾಲದಲ್ಲಿ ಹೋಗಬೇಡಿ’ ಎಲ್ಲವನ್ನೂ ಓದಿದ್ದೇನೆ. ರಸ್ತೆಗೆ ಹೆಸರಿಲ್ಲದಿದ್ದರೆ ಖಾಲಿ ಬಿಡಿ. ನೀವೇ ಹೋಗಿ ನೋಡಿ, ಹೆಸರಿಲ್ಲ ಅನ್ನುವುದು ಖಾತ್ರಿಯಿದ್ದರೆ ‘ನೋನೇಮ್=ಯೆಸ್’ ಹಾಕಿ. ಮುಂದಿನವರು ಹುಡುಕುವುದು ತಪ್ಪುತ್ತದೆ. ಇದಕ್ಕಿಂತ ತಲೆನೋವು ಅಂದರೆ ದುಡ್ಡು ಪಡೆದು ಅಂಗಡಿಗಳನ್ನು ‘ಎಲ್ಲ ನಕ್ಷೆಗಳಿಗೂ’ ಸೇರಿಸಿಕೊಡುವ ಮಂದಿ. ಅಂಗಡಿಯ ಹೆಸರಿನ ಜೊತೆ ನಾಲ್ಕು ಸಾಲು ಜಾಹೀರಾತನ್ನೂ ತುರುಕುತ್ತಾರೆ. ಅಂಥವರ ಸೇವೆ ಕೊಳ್ಳಬೇಡಿ, ಸ್ವಂತ ಅಂಗಡಿಯನ್ನು ನೀವೇ ಐದು ನಿಮಿಷದಲ್ಲಿ ಸೇರಿಸಬಹುದು.

ಇನ್ನು ಮೊದಲಿಗೆ ಹೇಳಿದ ಚಿತ್ರದ ಮಾತು. ತಮ್ಮ ರಸ್ತೆ ನಕ್ಷೆಯಲ್ಲಿ ದಪ್ಪಗೆ ಕಾಣಲಿ ಅಂತ ಓಣಿಗೆ ಮುಖ್ಯರಸ್ತೆಯ ಟ್ಯಾಗ್ ಆದ ‘ಪ್ರೈಮರಿ’ ಹಾಕುವವರಿದ್ದಾರೆ. ಖಾಲಿ ಸೈಟು ಹಸಿರಾಗಿ ಕಾಣಲಿ ಅಂತ ‘ಪಾರ್ಕ್’ ಹಾಕುವವರೂ ಇದ್ದಾರೆ. ಚಿತ್ರ ಚೆಂದ ಕಾಣಲೆಂದು ದತ್ತಾಂಶದಲ್ಲಿ ಸುಳ್ಳು ಹೇಳುವ ಈ ಚಾಳಿ ಈ ಲೋಕದಲ್ಲಿ ಮಹಾಪರಾಧ. 2017ರ ಡಿಸೆಂಬರಿನಲ್ಲಿ ಊರಲ್ಲಿ ಓಡಾಡುತ್ತ ಪೋಕೆಮಾನ್ ಎಂಬ ಕಾಲ್ಪನಿಕ ಜೀವಿಗಳನ್ನು ಹಿಡಿಯುವ ಫೋನ್ ಆಟ ಪೋಕೆಮಾನ್ ಗೋ ಈ ನಕ್ಷೆಯನ್ನು ಬಳಸಲು ಶುರು ಮಾಡಿತು. ಉದ್ಯಾನವಿದ್ದ ಕಡೆ ಪೋಕೆಮಾನ್ ಹೆಚ್ಚು ಸಿಗುತ್ತವೆ ಅಂತ ಆಟಗಾರರು ಇಲ್ಲದ ಉದ್ಯಾನಗಳನ್ನು ಎಬ್ಬಿಸಿದರು. ಅವನ್ನೆಲ್ಲ ಹುಡುಕಿ ಅಳಿಸಿದ್ದು ಸ್ವಯಂಸೇವಕರು, ತಮ್ಮ ಬಿಡುವಿನ ವೇಳೆಯಲ್ಲಿ.

ಸರಿಯಾದ ಪದ ಸಿಗದಿದ್ದರೆ ಓಎಸ್‌ಎಂ (ಓಪನ್‌ಸ್ಟ್ರೀಟ್‌ಮ್ಯಾಪ್) ವಿಕಿ ನೋಡಿ. ಯಾವ ಟ್ಯಾಗ್ ಎಷ್ಟು ಸಲ ಬಳಕೆಯಾಗಿದೆ ಅಂತ ಟ್ಯಾಗ್‌ಇನ್ಫೋ ತಾಣ ಲೆಕ್ಕ ಕೊಡುತ್ತದೆ. ಆ ಲೆಕ್ಕ ನೋಡಿ ಮರುಳಾಗಬೇಡಿ. ಯಾರೋ ಒಬ್ಬರು ದೊಡ್ಡ ಕಡತವನ್ನು ಒಂದೇ ಸಲ ಸುರಿದದ್ದರಿಂದಲೂ ಸಂಖ್ಯೆ ಉಬ್ಬಿರಬಹುದು. ಟ್ಯಾಗ್‌ಗಳು ಇಂಗ್ಲಿಷಿನಲ್ಲೇ ಇರಬೇಕು, ಅದೂ ಬ್ರಿಟಿಷ್ ಕಾಗುಣಿತದಲ್ಲಿ. ಹೊಸ ಟ್ಯಾಗ್ ಹುಟ್ಟಿಸಲು ಯಾರ ಅಪ್ಪಣೆಯೂ ಬೇಡ ಅನ್ನುವುದು ನಿಜ, ಆದರೆ ನೀವೊಬ್ಬರೇ ಬಳಸುವ ಪದವನ್ನು ಯಾವ ಆ್ಯಪ್ ಓದೀತು?

ಹೆಜ್ಜೆ 4: ಉಳಿಸಿ, ಟಿಪ್ಪಣಿ ಬರೆಯಿರಿ

ಒಂದು ಸಲಕ್ಕೆ ಉಳಿಸುವ ಬದಲಾವಣೆಗಳ ಕಟ್ಟಿಗೆ ಚೇಂಜ್‌ಸೆಟ್ ಅಂತ ಹೆಸರು. ಅದರೊಳಗೆ 10,000 ಬದಲಾವಣೆಗಳವರೆಗೆ ಹಿಡಿಯುತ್ತದೆ, ಹಾಗಂತ ತುಂಬಿಸಲು ಹೋಗಬೇಡಿ. ಒಂದು ಬಡಾವಣೆ, ಒಂದು ಬಗೆಯ ಕೆಲಸ, ಒಂದು ಕಟ್ಟು. ಭೂಗೋಳದ ಎರಡು ತುದಿಯಲ್ಲಿ ಒಂದೊಂದು ರಸ್ತೆ ತಿದ್ದಿ ಒಟ್ಟಿಗೆ ಉಳಿಸಿದರೆ, ನಡುವಿನ ದೇಶಗಳವರೆಲ್ಲ ತಮ್ಮೂರಲ್ಲಿ ಏನು ಬದಲಾಯಿತೋ ಅಂತ ಇಣುಕಿ ನೋಡುವಂತಾಗುತ್ತದೆ.

ಟಿಪ್ಪಣಿಯಲ್ಲಿ ‘ಅಪ್‌ಡೇಟ್’ ಅಂತಷ್ಟೇ ಬರೆದು ಕೈ ತೊಳೆದುಕೊಳ್ಳಬೇಡಿ. ‘ನಡೆದು ನೋಡಿ ಮೂರು ಓಣಿಗಳನ್ನೂ ಫಲಕದಲ್ಲಿದ್ದ ಹೆಸರುಗಳನ್ನೂ ಸೇರಿಸಿದ್ದೇನೆ’ ಎಂದರೆ ಎಲ್ಲ ಹೇಳಿದಂತಾಯಿತು. ಚೇಂಜ್‌ಸೆಟ್ ಮುಚ್ಚಿದ ಮೇಲೆ ಈ ಸಾಲನ್ನು ತಿದ್ದಲು ಬರುವುದಿಲ್ಲ. ಅಲ್ಲೇ ಕೆಳಗೆ ‘ನನ್ನ ಕೆಲಸವನ್ನು ಯಾರಾದರೂ ಪರಿಶೀಲಿಸಲಿ’ ಎಂಬರ್ಥದ ಒಂದು ಚೌಕ ಇದೆ. ಮೊದಲ ಹತ್ತಿಪ್ಪತ್ತು ಸಲ ನಾಚಿಕೆ ಬಿಟ್ಟು ಅದನ್ನು ಒತ್ತಿ.

ಹೆಜ್ಜೆ 5: ಪತ್ರ ಬಂದರೆ ಉತ್ತರಿಸಿ

ನಿಮ್ಮ ಚೇಂಜ್‌ಸೆಟ್ ಕೆಳಗೆ ಯಾರಾದರೂ ಪ್ರಶ್ನೆ ಕೇಳಬಹುದು. ಮಾತು ಒರಟಾಗಿ ಕಂಡರೂ ಬಹುತೇಕ ಅದು ಬೇರೆ ಭಾಷೆಯವರ ಅನುವಾದದ ಒರಟು. ‘ನಾನು ಸ್ಥಳಕ್ಕೆ ಹೋಗಿದ್ದೆ’ ಅನ್ನುವುದು ಇಲ್ಲಿ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ. ಕಾಗದ ಏನೇ ಹೇಳಲಿ, ನೆಲದ ಮೇಲೆ ಇರುವುದೇ ನಕ್ಷೆಯಲ್ಲಿ ಇರಬೇಕು ಎಂಬುದು ಹಳೆಯ ಕಟ್ಟಳೆ. ಪ್ರಶ್ನೆಗೆ ಉತ್ತರಿಸದೆ ಅದೇ ತಪ್ಪನ್ನು ಮುಂದುವರಿಸಿದರೆ ದೂರು ಇಂಥ ತಕರಾರುಗಳನ್ನು ನೋಡಿಕೊಳ್ಳುವ ಡೇಟಾ ವರ್ಕಿಂಗ್ ಗ್ರೂಪ್ ಎಂಬ ತಂಡಕ್ಕೆ ಹೋಗುತ್ತದೆ. ಅವರ ಅತಿ ಸೌಮ್ಯ ಶಿಕ್ಷೆ ಸೊನ್ನೆ ಗಂಟೆಯ ತಡೆ: ಅವರ ಸಂದೇಶವನ್ನು ತೆರೆದು ಓದುವ ತನಕ ಏನನ್ನೂ ತಿದ್ದಲು ಬಿಡುವುದಿಲ್ಲ.

ಏನೋ ಕೆಟ್ಟಿತು ಅಂತ ಗೊತ್ತಾದರೆ ಗಾಬರಿಬೀಳಬೇಡಿ, ಹಳೆಯ ಆವೃತ್ತಿಗಳೆಲ್ಲ ಉಳಿದಿರುತ್ತವೆ. ಒಂದೆರಡು ವಸ್ತುವಾದರೆ ಕೈಯಿಂದಲೇ ಸರಿಪಡಿಸಿ. ಇಡೀ ಕಟ್ಟನ್ನು ಹಿಂದೆಗೆಯಲು ಜೋಸ್ಮ್‌ನಲ್ಲಿ ರಿವರ್ಟರ್ ಎಂಬ ಪ್ಲಗಿನ್ ಇದೆ, ಆದರೆ ಹೊಸಬರು ಅದನ್ನು ಮುಟ್ಟದಿರುವುದೇ ಲೇಸು. ನಿಮ್ಮದೇ ಚೇಂಜ್‌ಸೆಟ್ ಕೆಳಗೆ ‘ತಪ್ಪಾಗಿದೆ, ದಯವಿಟ್ಟು ಹಿಂದೆಗೆಯಿರಿ’ ಅಂತ ಬರೆದು, ಅದರ ಕೊಂಡಿಯನ್ನು ಆ ಪ್ರದೇಶದಲ್ಲಿ ಆಗಾಗ ತಿದ್ದುವ ಹಳಬರೊಬ್ಬರಿಗೆ ಕಳಿಸಿ.