ವಿಜ್ಞಾನದ ಹೋಂವರ್ಕ್ ಆನ್‌ಲೈನಲ್ಲಿ ಕೇಳುವ ಮಕ್ಕಳಿಗೆ

ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮದ ಮಕ್ಕಳೇ, ಪ್ರಶ್ನೆ ಹಾಕುವಾಗ ‘ಕೇರಳ ಸಿಲೆಬಸ್’ ಅಂತ ಮೊದಲೇ ಬರೆಯಿರಿ. ತರಗತಿ, ಪಾಠದ ಹೆಸರೂ ಇರಲಿ. ಇಲ್ಲದಿದ್ದರೆ ಕರ್ನಾಟಕದ ಪುಸ್ತಕ ನೋಡಿ ಉತ್ತರ ಕೊಡುತ್ತಾರೆ. ಎರಡೂ ಪುಸ್ತಕ ಬೇರೆ ಅಲ್ವಾ?

ಸುಮ್ನೆ ‘ಉತ್ತರ ಹೇಳಿ’ ಅನ್ನಬೇಡಿ. ನೀವು ಮಾಡಿದಷ್ಟರ ಫೋಟೋ ಹಾಕಿ. ಗಂಟೆಗೆ 72 ಕಿ.ಮೀ. ವೇಗದ ಬೈಕು 5 ಸೆಕೆಂಡಿನಲ್ಲಿ ನಿಂತರೆ ವೇಗೋತ್ಕರ್ಷ (ಅಂದರೆ ಪ್ರತಿ ಸೆಕೆಂಡಿಗೆ ವೇಗದಲ್ಲಾಗುವ ಬದಲಾವಣೆ) ಎಷ್ಟು? ಇಂಥ ಲೆಕ್ಕದಲ್ಲಿ ಮಕ್ಕಳು ಜಾಸ್ತಿ ಎಡವುವುದು 72ನ್ನು ನೇರ 5ರಿಂದ ಭಾಗಿಸಿ. ಮೊದಲು ಅದನ್ನು ಸೆಕೆಂಡಿಗೆ 20 ಮೀಟರ್ ಮಾಡಿಕೊಳ್ಳಬೇಕು. ನಿಮ್ಮ ಹಂತಗಳು ಕಂಡರೆ ಗೊತ್ತಿದ್ದವರು ಅಲ್ಲೇ ಬೆರಳಿಟ್ಟು ತೋರಿಸುತ್ತಾರೆ. ಬರೀ ಉತ್ತರ ಸಿಕ್ಕರೆ ಮುಂದಿನ ಲೆಕ್ಕಕ್ಕೂ ಅದೇ ತೊಂದರೆ.

ಫೋಟೋದಲ್ಲಿ ನಿಮ್ಮ ಹೆಸರು, ಶಾಲೆ ಕಾಣದ ಹಾಗೆ ನೋಡಿಕೊಳ್ಳಿ.